ನೌಕರಿ ಬಿಟ್ಟ ಮೇಲೆ ಉಳಿದ ರಜೆಯ ಪಗಾರ: ಹಿಸಾಬು ಹೀಗೆ ಹಾಕಿ

ತೊಗರಿ ಸೀಸನ್ ಮುಗಿದು ಬೇಳೆ ಮಿಲ್ಲುಗಳಲ್ಲಿ ಕೆಲಸ ಇಳಿದಾಗ ಕಲಬುರಗಿಯಲ್ಲಿ ಎಷ್ಟೋ ಜನ ನೌಕರಿ ಬಿಡುತ್ತಾರೆ. ಆ ತಿಂಗಳ ಪಗಾರ ಕೈಗೆ ಬಂದರೆ ಹಿಸಾಬು ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ತೆಗೆದುಕೊಳ್ಳದೆ ಉಳಿದ ಗಳಿಕೆ ರಜೆಗೂ, ಅಂದರೆ ಇ.ಎಲ್.ಗೂ, ಪಗಾರ ಬರಬೇಕು. "ವರ್ಷಾನೇ ತುಂಬಿಲ್ಲ, ನಿನಗೆಲ್ಲಿ ರಜಾ?" ಎಂದು ಮುನೀಮರು ಅಂದರೆ ಸುಮ್ಮನೆ ವಾಪಸ್ ಬರಬೇಡಿ. ಕಾನೂನಿನಲ್ಲಿ ಹಾಗಿಲ್ಲ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸದಲ್ಲಿದ್ದುಕೊಂಡು ಇ.ಎಲ್. ಪಡೆಯಲು ಕಾರ್ಖಾನೆಗಳ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದಿರಬೇಕಿತ್ತು, ಈಗ 180 ದಿನ ಸಾಕು. ಆದರೆ ಕೆಲಸ ಬಿಟ್ಟವರಿಗೆ ಮತ್ತು ಕೆಲಸದಿಂದ ತೆಗೆದವರಿಗೆ ಈ ಮಿತಿ ಅಂದೂ ಅಡ್ಡಬರುತ್ತಿರಲಿಲ್ಲ, ಇಂದೂ ಬರುವುದಿಲ್ಲ. ಎಷ್ಟು ದಿನ ದುಡಿದಿದ್ದೀರೋ ಅದರಲ್ಲಿ ಪ್ರತಿ 20 ದಿನಕ್ಕೆ 1 ದಿನದ ರಜೆ ಲೆಕ್ಕಕ್ಕೆ ಬರುತ್ತದೆ. ಅಂಗಡಿ, ಹೋಟೆಲ್, ಖಾಸಗಿ ಆಫೀಸುಗಳಲ್ಲಿ ಇದ್ದವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅಲ್ಲೂ 20ಕ್ಕೆ 1. ಅಲ್ಲಿ ರಜೆ ಕೂಡಿಡಲು ಮಿತಿ 45 ದಿನ, ಕಾರ್ಖಾನೆಯಲ್ಲಿ 30. ತೆಗೆದುಕೊಳ್ಳದೆ ಉಳಿದ ಸಿ.ಎಲ್. (ಸಾಂದರ್ಭಿಕ ರಜೆ) ಮತ್ತು ಕಾಯಿಲೆ ರಜೆಗೆ ಕೆಲಸ ಬಿಡುವಾಗ ಹಣ ಕೊಡಬೇಕೆಂದು ಕಾನೂನಿಲ್ಲ, ಅವನ್ನು ಇದರಲ್ಲಿ ಬೆರೆಸಬೇಡಿ. ಮ್ಯಾನೇಜರುಗಳು ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಗಾರದ ಸೂಪರ್‌ವೈಸರುಗಳು ಸಂಹಿತೆಯ 'ಕಾರ್ಮಿಕ' ವ್ಯಾಖ್ಯೆಯೊಳಗೆ ಬರುವುದಿಲ್ಲ. ಅವರು ಮೊದಲು ನೇಮಕಾತಿ ಪತ್ರ ತೆಗೆದು ನೋಡಬೇಕು.

ಈಗ ಲೆಕ್ಕ. ಕಪನೂರು ಕೈಗಾರಿಕಾ ಪ್ರದೇಶದ ಒಂದು ಮಿಲ್ಲಿನ ಕಾರ್ಮಿಕ ಆಗಸ್ಟ್ ನಡುವೆ ಕೆಲಸ ಬಿಟ್ಟ ಅನ್ನಿ. ಜನವರಿ 1ರಿಂದ ಅವನ ಹಾಜರಿ 191 ದಿನ. 20ರಿಂದ ಭಾಗಿಸಿದರೆ 9.55. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪೂರ್ತಿ ಒಂದು ದಿನ, ಕಡಿಮೆ ಬಂದರೆ ಬಿಡಬೇಕು. ಹಾಗಾಗಿ 10. ಹಾಜರಿಯಲ್ಲಿ 189 ಅಂತ ಬರೆದಿದ್ದರೆ 9.45 ಆಗಿ 9ಕ್ಕೆ ಇಳಿಯುತ್ತಿತ್ತು. ಎರಡು ದಿನದ ಹಾಜರಿ ತಪ್ಪಿದರೆ ಒಂದು ದಿನದ ಪಗಾರ ಹೋಯಿತು, ಅದಕ್ಕೇ ಹಾಜರಿ ಪುಸ್ತಕವನ್ನು ಕಣ್ಣಾರೆ ನೋಡಬೇಕು. ಹೋದ ವರ್ಷದ ಬಾಕಿ ರಜೆ 10, ಈ ವರ್ಷ ತೆಗೆದುಕೊಂಡದ್ದು 4. ಹತ್ತು ಕೂಡಿಸು ಹತ್ತು, ನಾಲ್ಕು ಕಳೆದರೆ 16 ದಿನ.

ಮಾಲು ಬಾರದೆ ಮಾಲೀಕರೇ ಕೆಲಸ ನಿಲ್ಲಿಸಿದ ಲೇ-ಆಫ್ ದಿನಗಳನ್ನು 180ರ ಮಿತಿಗೆ ಸೇರಿಸಬಹುದು. ಅವುಗಳ ಮೇಲೆ ರಜೆ ಮಾತ್ರ ಹುಟ್ಟುವುದಿಲ್ಲ.

ನಮ್ಮ ಪ್ರಕಾರ ಹೆಚ್ಚು ಹಣ ಕೈತಪ್ಪುವುದು ದಿನದ ದರದಲ್ಲಿ. ಮೇಲಿನ ಕಾರ್ಮಿಕನಿಗೆ ಕೊನೆಯ ಪೂರ್ತಿ ತಿಂಗಳಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,600 ರೂಪಾಯಿ, ಹಾಜರಿ 26 ದಿನ. 26ರಿಂದ ಭಾಗಿಸಿದರೆ ದಿನಕ್ಕೆ 600, ಹದಿನಾರು ದಿನಕ್ಕೆ 9,600. ಆಫೀಸಿನವರು 30ರಿಂದ ಭಾಗಿಸಿದರೆ 520ಕ್ಕೆ ಇಳಿದು ಒಟ್ಟು 8,320. ವ್ಯತ್ಯಾಸ 1,280 ರೂಪಾಯಿ. ಕಾರ್ಖಾನೆಗಳ ಕಾಯ್ದೆಯ 80ನೇ ಕಲಂ ಇಟ್ಟಿದ್ದ ಅಳತೆ ಹಿಂದಿನ ತಿಂಗಳಲ್ಲಿ ನಿಜವಾಗಿ ದುಡಿದ ದಿನಗಳ ಸರಾಸರಿ. ಓಟಿ ಮತ್ತು ಬೋನಸ್ ಬಿಟ್ಟು, ತುಟ್ಟಿಭತ್ಯೆ ಸೇರಿಸಿ. ನ್ಯಾಯವಾದ ದರ ಅದೇ. ಅದನ್ನೇ ಕೇಳಿ. ಈ ಹಣದ ಮೇಲೆ ಪಿ.ಎಫ್. ಕಡಿದಿದ್ದರೆ ಅದನ್ನೂ ಪ್ರಶ್ನಿಸಿ: ರಜೆ ನಗದೀಕರಣ ಮೂಲ ವೇತನವಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಮಣಿಪಾಲದ ಪ್ರಕರಣದಲ್ಲಿ ಹೇಳಿದೆ.

ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವರಿಗೆ ಬೇರೆಯದೇ ತೊಡಕು. ಗೇಟು ಅದೇ, ಕೆಲಸ ಅದೇ, ಗುತ್ತಿಗೆದಾರ ಮಾತ್ರ ಬದಲಾಗುತ್ತಾನೆ. ಹಳೆಯವನ ಕೆಳಗೆ ಕೂಡಿದ ರಜೆಯನ್ನು ಹೊಸಬ ತನ್ನ ಪುಸ್ತಕಕ್ಕೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಗುತ್ತಿಗೆ ಬದಲಾಗುವ ತಿಂಗಳಲ್ಲೇ ಹಳೆಯ ಹಿಸಾಬು ಕೇಳಬೇಕು. ಗುತ್ತಿಗೆದಾರ ಕೊಡದೆ ಹೋದರೆ ಪಗಾರದ ಹೊಣೆ ಮುಖ್ಯ ಮಾಲೀಕರದು, ಅಂದರೆ ಕಾರ್ಖಾನೆಯದು.

ಇನ್ನೊಂದನ್ನು ಕೆಲಸದಲ್ಲಿ ಇರುವಾಗಲೇ ಮಾಡಿಕೊಳ್ಳಬೇಕು. ರಜೆಗೆ ಅರ್ಜಿ ಹಾಕಿ ಅದನ್ನು ನಿರಾಕರಿಸಿದ್ದರೆ, ಆ ರಜೆಗೆ 30 ದಿನದ ಮಿತಿ ಅನ್ವಯಿಸುವುದಿಲ್ಲ. ಬಾಯಿಮಾತಿನಲ್ಲಿ ಕೇಳಿ "ಈಗ ಆಗಲ್ಲ" ಅನ್ನಿಸಿಕೊಂಡರೆ ಪುರಾವೆ ಎಲ್ಲಿಂದ ತರುತ್ತೀರಿ? ವಾಟ್ಸ್‌ಆ್ಯಪ್‌ನಲ್ಲಾದರೂ ತಾರೀಖು ಹಾಕಿ ಕೇಳಿ, ಉತ್ತರ ಉಳಿಸಿಕೊಳ್ಳಿ.

ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಹಣ ಕೊಡಬೇಕೆಂಬುದು ಹೊಸ ಸಂಹಿತೆಗಳಲ್ಲೊಂದಾದ ವೇತನ ಸಂಹಿತೆಯ ಮಾತು. "ಮುಂದಿನ ತಿಂಗಳು ಬಾ" ಅನ್ನುವುದು ರೂಢಿಯಾಗಿದೆ, ಕಾನೂನಲ್ಲ. 'ಎಲ್ಲ ಬಾಕಿ ಮುಟ್ಟಿದೆ' ಎಂಬ ಕಾಗದಕ್ಕೆ ರಜೆಯ ದಿನ ಮತ್ತು ದರ ಬರೆಯದೆ ಸಹಿ ಹಾಕಬೇಡಿ. ಕೊಡದಿದ್ದರೆ ಮೊದಲು ದಿನ, ದರ, ಒಟ್ಟು ಮೊತ್ತ ಮೂರನ್ನೂ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮಾಲೀಕರಿಗೆ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಆ ಪತ್ರದ ನಕಲು, ಪಗಾರದ ಚೀಟಿಗಳು, ಬ್ಯಾಂಕ್ ಪಾಸ್‌ಬುಕ್, ಗೇಟ್ ಪಾಸ್ ಜೋಡಿಸಿ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಡಿ. ವೇತನ ಸಂಹಿತೆಯಡಿ ಹಕ್ಕು ಕೇಳಲು ಮೂರು ವರ್ಷ ಅವಧಿ ಇದೆ. ಆದರೂ ತಡಮಾಡಬೇಡಿ; ಜೊತೆಗೆ ದುಡಿದವರು ಬೇರೆ ಊರಿಗೆ ಹೋದ ಮೇಲೆ ಹಾಜರಿಗೆ ಸಾಕ್ಷಿ ಹೇಳುವವರು ಸಿಗುವುದು ಕಷ್ಟ.