ಹ್ಯಾಂಡ್ ಬ್ರೇಕಿಗೇ ಹೋಯಿತು ದಿನ

ಕಾರಿನ ಹಿಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸಬೇಕು ಅಂದಾಗ ಶಿರಸಿಯ ನಮ್ಮ ಗ್ಯಾರೇಜಿನ ಭಾಯ್ ಮೊದಲು ಕೇಳಿದ್ದು, "ಹೆಗಡೇರೇ, ಹ್ಯಾಂಡ್ ಬ್ರೇಕಿಗೆ ಎಂತ ಮಾಡ್ತೀರಿ?" ಸಂಜೆ ಹೊತ್ತಿಗೆ ಆ ಪ್ರಶ್ನೆಯ ತೂಕ ನನಗೂ ತಿಳಿಯಿತು.

ಡಿಸ್ಕ್ ಯಾಕೆ ಬೇಕಿತ್ತು ಅಂದರೆ ಮಳೆ. ನಮ್ಮ ಕಡೆ ಮಳೆಗಾಲದಲ್ಲಿ ರಸ್ತೆ ಮೇಲೆ ನೀರು ಹರಿಯೋದು ಹೊಸದಲ್ಲ. ಡ್ರಮ್ ಅಂದರೆ ಮುಚ್ಚಿದ ಡಬ್ಬಿ, ಒಳಗೆ ನೀರು ಹೊಕ್ಕರೆ ಬೇಗ ಒಣಗುವುದಿಲ್ಲ. ಪೆಡಲ್ ಒತ್ತಿದರೆ ಮೊದಲ ಒಂದೆರಡು ಸಲ ಹಿಂದಿನ ಚಕ್ರ ಕೇಳುವುದೇ ಇಲ್ಲ. ಹ್ಯಾಂಡ್ ಬ್ರೇಕ್ ಎಳೆದು ನಾಲ್ಕು ದಿನ ಕಾರು ನಿಲ್ಲಿಸಿದರೆ ಒಳಗಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡಿರುತ್ತದೆ. ಡಿಸ್ಕ್ ಬಯಲಲ್ಲಿರುತ್ತದೆ, ತಿರುಗುತ್ತಲೇ ನೀರು ಒರೆಸಿ ಹೋಗುತ್ತದೆ. ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಪ್ಯಾಡ್ ಎಷ್ಟು ಉಳಿದಿದೆ ಅಂತ ಬಗ್ಗಿ ನೋಡಿದರೆ ಕಾಣುತ್ತದೆ.

ಹಿಂದೆ ಡಿಸ್ಕ್ ಹಾಕಿದರೆ ಕಾರು ಅರ್ಧ ದೂರದಲ್ಲಿ ನಿಲ್ಲುತ್ತದೆ ಅನ್ನುವವರಿದ್ದಾರೆ. ಅದನ್ನು ನಾನು ನಂಬುವುದಿಲ್ಲ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬರುತ್ತದೆ. ಒಟ್ಟು ಕೆಲಸದಲ್ಲಿ ನೂರಕ್ಕೆ 60-70 ಪಾಲು ಮುಂದಿನ ಚಕ್ರಗಳದ್ದೇ, ಅಲ್ಲಿ ಮೊದಲಿನಿಂದಲೂ ಡಿಸ್ಕ್ ಇತ್ತು. ದೇವಿಮನೆ ಘಟ್ಟ ಇಳಿಯುವಾಗ ಕಾಯುವುದು ಎರಡನೇ ಗೇರು ಮತ್ತು ಒಳ್ಳೆ ಬ್ರೇಕ್ ಆಯಿಲ್. ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತಾ ಹೋಗುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದು ಆವಿಯಾದರೆ ಪೆಡಲ್ ಸೀದಾ ಕೆಳಗೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನೋದು ಸುಮ್ನೆ ಹೇಳಿದ ಮಾತಲ್ಲ.

ಇದೇ ಕಾರಿನ ಟಾಪ್ ಮಾದರಿಗೆ ಕಂಪನಿಯೇ ಹಿಂದಿನ ಚಕ್ರಕ್ಕೆ ಡಿಸ್ಕ್ ಕೊಟ್ಟಿತ್ತು. ಹಾಗಾಗಿ ಹುಬ್ಬಳ್ಳಿಯ ಗುಜರಿಯಿಂದ ಹಬ್, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್, ಹ್ಯಾಂಡ್ ಬ್ರೇಕ್ ಕೇಬಲ್, ಹಿಂದಿನ ಚಕ್ರಕ್ಕೆ ಹೋಗುವ ಒತ್ತಡ ಹದ ಮಾಡುವ ವಾಲ್ವ್ ಎಲ್ಲ ಒಟ್ಟಿಗೆ ಸಿಕ್ಕಿತು. ಡಿಸ್ಕ್, ಪ್ಯಾಡ್, ರಬ್ಬರ್ ಪೈಪು, ಕ್ಯಾಲಿಪರಿನ ಸೀಲು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮಾತ್ರ ಹೊಸವೇ. ಕ್ಯಾಲಿಪರಿನ ಪಿಸ್ಟನ್ ಡ್ರಮ್ಮಿನೊಳಗಿದ್ದ ಹಳೆ ವೀಲ್ ಸಿಲಿಂಡರಿಗಿಂತ ದೊಡ್ಡದು, ಜಾಸ್ತಿ ಆಯಿಲ್ ಬೇಡುತ್ತದೆ. ಹಳೆ ಮಾಸ್ಟರ್ ಸಿಲಿಂಡರ್ ಇಟ್ಟರೆ ಪೆಡಲ್ ತೀರಾ ಕೆಳಗೆ ಹೋಗುತ್ತದೆ ಅನ್ನೋದು ಭಾಯ್ ಲೆಕ್ಕ. ಕಂಪನಿ ಕೊಟ್ಟ ರೂಪ ಬದಲಿಸುವ ವಿಷಯಕ್ಕೆ 1988ರ ಮೋಟಾರು ವಾಹನ ಕಾಯ್ದೆಯಲ್ಲಿ 52ನೇ ಕಲಮು ಇದೆ. ಅದಕ್ಕೇ ಆರ್‌ಟಿಓ ಆಫೀಸು, ವಿಮೆಯವರು ಎರಡೂ ಕಡೆ ಮೊದಲೇ ವಿಚಾರಿಸಿಕೊಂಡಿದ್ದೆ.

ಡ್ರಮ್ ಬಿಚ್ಚಿ ಡಿಸ್ಕ್ ಕೂರಿಸುವ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ಡ್ರಮ್ ಬ್ರೇಕಿಗೆ ಕಬ್ಬಿಣದ ಪೈಪು ನೇರ ಬಂದು ಸೇರುತ್ತದೆ. ಕ್ಯಾಲಿಪರ್ ತುಸು ಆಚೀಚೆ ಜಾರುತ್ತಿರಬೇಕು, ಅದಕ್ಕೆ ಕೊನೆಯಲ್ಲಿ ರಬ್ಬರ್ ಪೈಪು. ಗ್ಯಾರೇಜಿನ ಹುಡುಗ ಕ್ಲಾಂಪ್ ಹಾಕಿ ಪಿಸ್ಟನ್ ಒಳಗೆ ಒತ್ತಲು ಹೊರಟ. ಭಾಯ್ ಗದರಿದರು, "ಏಯ್, ಇದು ಮುಂದಿನದ್ದಲ್ಲ ಮಾರಾಯ, ತಿರುಗಿಸ್ತಾ ಒತ್ತು!" ಹ್ಯಾಂಡ್ ಬ್ರೇಕ್ ಇರುವ ಕ್ಯಾಲಿಪರಿನೊಳಗೆ ಒಂದು ಸ್ಕ್ರೂ ಇರುತ್ತದೆ. ಲಿವರ್ ಎಳೆದಾಗ ಪಿಸ್ಟನ್ನನ್ನು ತಳ್ಳುವುದು ಅದೇ. ಸುಮ್ಮನೆ ಒತ್ತಿದರೆ ಒಳಗಿನ ಸಾಮಾನೇ ಹಾಳು.

ಕೇಬಲಿಗೆ ಬಂದಾಗ ಕೆಲಸ ನಿಂತಿತು. ಟಾಪ್ ಮಾದರಿಯ ಕೇಬಲ್ ಹಿಂದೆ ಸರಿಯಾಗಿ ಕೂತಿತು, ಮುಂದೆ ಲಿವರಿನ ಹತ್ತಿರ ಅದರ ಕೊಂಡಿ ನಮ್ಮದಕ್ಕೆ ಹೊಂದಲಿಲ್ಲ. ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ. ಹುಡುಗ ಅತ್ತ ನೋಡಿದ. "ಬ್ರೇಕಿಗೆ ವೆಲ್ಡಿಂಗ್ ನಾ ಮಾಡೋದಿಲ್ಲ," ಅಂದರು ಭಾಯ್. ಆ ಮಾತಿಗಾಗಿಯೇ ನಾನು ಅವರಲ್ಲಿಗೆ ಹೋಗುವುದು. ಕೊನೆಗೆ ಹುಬ್ಬಳ್ಳಿಗೆ ಫೋನ್ ಮಾಡಿ, ಅದೇ ಕಾರಿನ ಇಡೀ ಲಿವರನ್ನು ಬಸ್ಸಿಗೆ ಹಾಕಿಸಿದೆವು. ಅದು ಬರುವವರೆಗೆ ಮೂರು ಸುತ್ತು ಚಾ ಆಯಿತು.

ಆಮೇಲೆ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ಗಾಳಿ ಹೊರಬಿಡುವ ಬ್ಲೀಡಿಂಗ್ ನಿಪ್ಪಲ್ ಮೇಲ್ಗಡೆ ಇದೆಯೇ ಅಂತ ಭಾಯ್ ಎರಡೂ ಕಡೆ ಕೈಯಿಟ್ಟು ನೋಡಿದರು. ಎಡದ ಕ್ಯಾಲಿಪರ್ ಬಲಕ್ಕೆ ಹೋದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೇ ಉಳಿಯುತ್ತದೆ. ಪೆಡಲ್ ಗಟ್ಟಿಯಾಗುವವರೆಗೆ ಒತ್ತಿಸಿ, ಕೇಬಲ್ಲಿಗೆ ಕಟ್ಟಕಡೆಗೆ ಬಿಗಿ ಕೊಟ್ಟರು. ಮೊದಲೇ ಬಿಗಿ ಮಾಡಿದರೆ ಕ್ಯಾಲಿಪರಿನ ಲಿವರ್ ಪೂರ್ತಿ ಹಿಂದೆ ಬರುವುದಿಲ್ಲ, ಒಳಗಿನ ಸ್ಕ್ರೂ ತನ್ನಷ್ಟಕ್ಕೆ ಸರಿಹೊಂದುವುದೂ ಇಲ್ಲ. ಗ್ಯಾರೇಜಿನ ಹಿಂದಿನ ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮುಖ ಮೇಲೆ ಮಾಡಿ, ಕೆಳಗೆ ಮಾಡಿ ನಿಲ್ಲಿಸಿದೆವು. ಕಾರು ಅಲ್ಲಾಡಲಿಲ್ಲ.

ಮರುದಿನ ಬೆಳಿಗ್ಗೆ ಬನವಾಸಿ ರಸ್ತೆಯ ಖಾಲಿ ಜಾಗದಲ್ಲಿ ಪರೀಕ್ಷೆ. ಹುಡುಗ ದೂರ ನಿಂತು ಚಕ್ರ ನೋಡುತ್ತಿದ್ದ. ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಎಬಿಎಸ್ ನನ್ನ ಕಾರಿಗೆ ಇಲ್ಲ. ಜೋರಾಗಿ ಒತ್ತಿದರೆ ಮೊದಲು ಲಾಕ್ ಆಗಬೇಕಾದದ್ದು ಮುಂದಿನವು. ಹಿಂದಿನವು ಮೊದಲು ಲಾಕ್ ಆದರೆ ಕಾರು ತಿರುಗಿಬಿಡುತ್ತದೆ. ಆ ವಾಲ್ವನ್ನೂ ಬದಲಿಸಿದ್ದು ಇದಕ್ಕೇ. ಹುಡುಗ ದೂರದಿಂದಲೇ "ಮುಂದಿಂದು, ಮುಂದಿಂದು!" ಅಂತ ಕೂಗಿದ.

ಮುಂದಿನ ವಾರ ಕುಮಟಾಕ್ಕೆ ಹೋದೆ. ಭಾವನ ಮನೆ ಸಮುದ್ರದ ಹತ್ತಿರ. ಬೆಳಿಗ್ಗೆ ಎದ್ದು ಕಾರಿನ ಸುತ್ತ ಬಂದವನೇ, "ಭಾವ, ಇದು ಆಗ್ಲೇ ತುಕ್ಕು ಹಿಡದ್ದಲಾ!" ಅಂದ. ಹೌದು, ಡಿಸ್ಕ್ ಪೂರ್ತಿ ಕೆಂಪು. ಅದು ಮೇಲಿನ ತುಕ್ಕು, ನಾಲ್ಕು ಬ್ರೇಕಿಗೆ ಹೋಗುತ್ತದೆ. ಉಪ್ಪುಗಾಳಿಯ ಊರಲ್ಲಿ ಹೆದರಬೇಕಾದದ್ದು ಕ್ಯಾಲಿಪರ್ ಜಾರುವ ಪಿನ್ನುಗಳಿಗೆ. ಅವು ಹಿಡಿದುಕೊಂಡರೆ ಒಂದೇ ಕಡೆಯ ಪ್ಯಾಡ್ ಸವೆಯುತ್ತದೆ. ಅದಕ್ಕೆ ಬ್ರೇಕಿನದೇ ಗ್ರೀಸು ಹಚ್ಚಬೇಕು, ಮಾಮೂಲಿ ಗ್ರೀಸಿಗೆ ರಬ್ಬರ್ ಉಬ್ಬಿಕೊಳ್ಳುತ್ತದೆ.

ಇಷ್ಟೆಲ್ಲ ಕೇಳಿದ ಮೇಲೂ ತನ್ನ ಕಾರಿಗೂ ಹಾಕಿಸುತ್ತೇನೆ ಅಂತ ಹೊರಟ ಭಾವ. ಬಾನೆಟ್ ಎತ್ತಿಸಿ ಅವನ ಬ್ರೇಕ್ ಆಯಿಲ್ ಡಬ್ಬಿ ನೋಡಿದೆ. ಕಷಾಯದ ಬಣ್ಣ. ಕೊನೆಯ ಸಲ ಬದಲಿಸಿದ್ದು ಯಾವಾಗ ಅಂತ ಅವನಿಗೇ ನೆನಪಿಲ್ಲ. ಡಿಸ್ಕಿನ ಮಾತು ಆಮೇಲೆ, ಇವತ್ತೇ ಇದನ್ನು ಬದಲಿಸು ಅಂದೆ.