“ಮೇಡಂ, ಇದರಲ್ಲಿ ಮುಂದೆ ಏನಾದ್ರೂ ಇದೆಯಾ?”

ಶನಿವಾರ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ನಮ್ಮ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಗೇಟಿನ ಹತ್ತಿರ ಯಾರಾದರೊಬ್ಬರ ಅಪ್ಪನೋ ಅಮ್ಮನೋ ನಿಂತಿರುತ್ತಾರೆ. ಮೊದಲು ಫೀಸಿನ ಮಾತು, ಆಮೇಲೆ ಶೂ ಎಷ್ಟು ಬೇಗ ಸವೆಯುತ್ತೆ ಅನ್ನೋ ಮಾತು, ಕೊನೆಗೆ ದನಿ ತಗ್ಗಿಸಿ: “ಹುಡುಗಿ ಚೆನ್ನಾಗಿ ಆಡ್ತಾಳೆ ಅಂತೀರಿ. ಇದರಲ್ಲಿ ಮುಂದೆ ಏನಾದ್ರೂ ಇದೆಯಾ?” ಏನಾದ್ರೂ ಅಂದರೆ ದುಡ್ಡು. ಕೇಳಬೇಕಾದ ಪ್ರಶ್ನೆಯೇ. ಗೇಟಿನಲ್ಲಿ ನಿಂತು ಎರಡು ಮಾತಿನಲ್ಲಿ ಹೇಳೋದು ಕಷ್ಟ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳೋದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಡಯಾನಾ ಟರಾಸಿಯ ಕಥೆ. ಮಕ್ಕಳಿಗಲ್ಲ, ಅಪ್ಪ ಅಮ್ಮಂದಿರಿಗೆ.

ಟರಾಸಿ ಹುಟ್ಟಿದ್ದು 1982ರಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಚೀನೋ ಎಂಬ ಊರಲ್ಲಿ. ಅಮ್ಮ ಅರ್ಜೆಂಟೀನಾದವರು, ಅಪ್ಪ ಇಟಲಿಯಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ಬೆಳೆದವರು. ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ 2002, 2003, 2004, ಹೀಗೆ ಸಾಲಾಗಿ ಮೂರು ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಳು. ಡಬ್ಲ್ಯೂಎನ್‌ಬಿಎ ಅಂದರೆ ಅಮೆರಿಕದ ಹೆಂಗಸರ ವೃತ್ತಿಪರ ಲೀಗ್; ಅದರ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ 2004ರ ಡ್ರಾಫ್ಟಿನಲ್ಲಿ ಅವಳದೇ ಮೊದಲ ಹೆಸರು. ಫೀನಿಕ್ಸ್ ಮರ್ಕ್ಯುರಿ ತಂಡ ಕರೆದುಕೊಂಡಿತು. ಅದೇ ವರ್ಷ ಅಥೆನ್ಸ್‌ನಲ್ಲಿ ಒಲಿಂಪಿಕ್ ಚಿನ್ನ.

ಇಷ್ಟು ಹೇಳಿ ನಿಲ್ಲಿಸಿ, “ಸಂಬಳ ಎಷ್ಟಿದ್ದಿರಬಹುದು ಹೇಳಿ” ಅಂತ ಕೇಳ್ತೀನಿ. ಒಬ್ಬೊಬ್ಬರು ಕೋಟಿಗಳಲ್ಲಿ ಹೇಳುತ್ತಾರೆ. ಆ ವರ್ಷ ಅವಳಿಗೆ ಸಿಕ್ಕ ಸಂಬಳ ಸುಮಾರು 40,000 ಡಾಲರ್. ಅಮೆರಿಕದಲ್ಲಿ ಒಬ್ಬ ಸ್ಕೂಲ್ ಮೇಷ್ಟರ ಸಂಬಳದ ಆಸುಪಾಸು!

ಅಲ್ಲಿನ ಲೀಗ್ ಬೇಸಿಗೆಯ ಆಟ. ಉಳಿದ ತಿಂಗಳು? ಟರಾಸಿ ರಷ್ಯಾಕ್ಕೆ ಹೋದಳು. ಮಾಸ್ಕೋ ಪ್ರಾಂತ್ಯದ ಸ್ಪಾರ್ಟಕ್ ತಂಡದಲ್ಲಿ 2007ರಿಂದ 2010ರವರೆಗೆ ಒಂದರ ಹಿಂದೊಂದು ನಾಲ್ಕು ಯೂರೋಲೀಗ್ (ಯುರೋಪಿನ ಕ್ಲಬ್ಬುಗಳ ಪಂದ್ಯಾವಳಿ) ಪ್ರಶಸ್ತಿ. ಆ ತಂಡಕ್ಕೆ ನೀರಿನಂತೆ ದುಡ್ಡು ಸುರಿಯುತ್ತಿದ್ದ ಶಬ್ತಾಯ್ ಕಲ್ಮಾನೊವಿಚ್ ಹಿಂದೆ ಸೋವಿಯತ್ ಪರ ಗೂಢಚಾರಿಕೆ ಮಾಡಿ ಇಸ್ರೇಲಿನಲ್ಲಿ ಜೈಲು ಕಂಡಿದ್ದ ಮನುಷ್ಯ. 2009ರ ನವೆಂಬರಿನಲ್ಲಿ ಮಾಸ್ಕೋದ ರಸ್ತೆಯಲ್ಲಿ, ಕಾರಿನಲ್ಲೇ ಅವನನ್ನು ಗುಂಡಿಟ್ಟು ಕೊಂದರು. (ಇದನ್ನು ಕೇಳಿದ ಮೇಲೆ ಒಬ್ಬ ತಾಯಿ ಮಗಳನ್ನು ಒಂದು ವಾರ ಕಳಿಸಲಿಲ್ಲ. ತಪ್ಪು ನನ್ನದೇ.)

ಮುಂದೆ ಟರ್ಕಿ. ಅಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು ಅಂತ ಸುದ್ದಿಯಾಗಿ, ಕ್ಲಬ್ ಒಪ್ಪಂದ ಮುರಿಯಿತು. 2011ರ ಫೆಬ್ರುವರಿಯಲ್ಲಿ ಪ್ರಯೋಗಾಲಯವೇ ತನ್ನ ವರದಿ ವಾಪಸ್ ಪಡೆಯಿತು. ಮಾನ ಹೋದದ್ದು ಒಂದೇ ದಿನದಲ್ಲಿ, ವಾಪಸ್ ಬಂದದ್ದು ವಾರಗಟ್ಟಲೆ ಕಳೆದ ಮೇಲೆ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣೋದು 2015. ಹಿಂದಿನ ವರ್ಷವಷ್ಟೇ ಫೀನಿಕ್ಸ್ ಚಾಂಪಿಯನ್ ಆಗಿತ್ತು. ಆಗ ಅವಳು ಆಡುತ್ತಿದ್ದ ರಷ್ಯಾದ ತಂಡ ಎಕಟೆರಿನ್‌ಬರ್ಗಿನ ಯುಎಂಎಂಸಿ, ಉರಲ್ ಪ್ರದೇಶದ ಗಣಿ ಕಂಪನಿಯೊಂದರದ್ದು. ಅವರು, “ಈ ಬೇಸಿಗೆ ಅಮೆರಿಕದಲ್ಲಿ ಆಡಬೇಡ, ವಿಶ್ರಾಂತಿ ತಗೋ” ಅಂದರು. ಅವರು ಕೊಡುತ್ತಿದ್ದದ್ದು ವರ್ಷಕ್ಕೆ ಸುಮಾರು 15 ಲಕ್ಷ ಡಾಲರ್ ಅಂತ ಆಗಿನ ವರದಿಗಳು. ತವರಿನ ಲೀಗಿನಲ್ಲಿ ಗರಿಷ್ಠ ಸಂಬಳವೇ 1,07,000 ಡಾಲರಿನ ಸುತ್ತಮುತ್ತ. ಟರಾಸಿ ಒಪ್ಪಿಕೊಂಡಳು. ವರ್ಷವಿಡೀ ಎರಡು ಖಂಡಗಳಲ್ಲಿ ಓಡಿ ಮೈ ಹಣ್ಣಾಗಿತ್ತು. ತನ್ನ ಊರಿನ ಲೀಗಿನಲ್ಲಿ ಆಡುವುದಕ್ಕಿಂತ ಆಡದೇ ಇರುವುದಕ್ಕೇ ಹೆಚ್ಚು ದುಡ್ಡು. ಅವಳನ್ನು ಬೈದವರಿದ್ದಾರೆ, ನಾನು ಬೈಯಲಾರೆ.

ಲೀಗಿಗೂ ಆಟಗಾರ್ತಿಯರಿಗೂ ಆದ 2020ರ ಒಪ್ಪಂದದಲ್ಲಿ ಆ ಗರಿಷ್ಠ ಸಂಬಳ 2,15,000 ಡಾಲರಿಗೆ ಏರಿತು. ಹಾಗಂತ ರಷ್ಯಾದ ಹಾದಿ ಮುಚ್ಚಲಿಲ್ಲ. 2022ರ ಫೆಬ್ರುವರಿಯಲ್ಲಿ ಅದೇ ಎಕಟೆರಿನ್‌ಬರ್ಗ್ ತಂಡಕ್ಕೆ ಆಡಲು ಹೊರಟಿದ್ದ ಬ್ರಿಟ್ನಿ ಗ್ರೈನರ್ ಮಾಸ್ಕೋದ ವಿಮಾನನಿಲ್ದಾಣದಲ್ಲಿ ಬಂಧನಕ್ಕೊಳಗಾಗಿ, ಬಿಡುಗಡೆಯಾದದ್ದು ಡಿಸೆಂಬರಿನಲ್ಲಿ. ಆಗ ಆಕೆಯೂ ಫೀನಿಕ್ಸ್ ತಂಡದವಳೇ.

ಟರಾಸಿ 2025ರ ಫೆಬ್ರುವರಿಯಲ್ಲಿ ನಿವೃತ್ತಳಾದಳು. ಒಂದೇ ತಂಡಕ್ಕೆ 20 ಸೀಸನ್, 10,646 ಅಂಕ, ಮೂರು ಪ್ರಶಸ್ತಿ, ಆರು ಒಲಿಂಪಿಕ್ ಚಿನ್ನ. ಲೀಗಿನಲ್ಲಿ ಹತ್ತು ಸಾವಿರ ಅಂಕ ದಾಟಿದ ಮೊದಲಿಗಳು ಅವಳೇ. 2023ರ ಆಗಸ್ಟಿನ ಆ ಪಂದ್ಯದಲ್ಲಿ 42 ಅಂಕ ಹೊಡೆದಾಗ ವಯಸ್ಸು 41.

ಇಷ್ಟು ಹೊತ್ತಿಗೆ ಅಪ್ಪಂದಿರು ವಾಚ್ ನೋಡಲು ಶುರು ಮಾಡಿರುತ್ತಾರೆ. “ಅದು ಅಮೆರಿಕದ ಮಾತಾಯ್ತು, ನಮ್ಮಲ್ಲಿ?” ನಮ್ಮಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲಿಗೆ ಸಂಬಳ ಅಂದರೆ ಹೆಚ್ಚಾಗಿ ರೈಲ್ವೆ, ಸ್ಪೋರ್ಟ್ಸ್ ಕೋಟಾದ ಕೆಲಸ. ಕೊಟ್ಟಾಯಂ ಕಡೆಯ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ಕ್ಲಬ್ಬಿನಲ್ಲಿ ಆಡಿದರು, 2011ರಲ್ಲಿ ಡಬ್ಲ್ಯೂಎನ್‌ಬಿಎ ತಂಡಗಳ ಟ್ರಯಲ್ಸ್‌ಗೂ ಹೋಗಿ ಬಂದರು. ಅಲ್ಲಿ ಜಾಗ ಸಿಗಲಿಲ್ಲ. ಅವರಿಗೆ ನೌಕರಿ ಕೊಟ್ಟಿದ್ದು ದಕ್ಷಿಣ ರೈಲ್ವೆ. ಅದನ್ನು ನಾನು ಸೋಲು ಅನ್ನೋದಿಲ್ಲ. ಟರಾಸಿ ಅನ್ನಕ್ಕಾಗಿ ಮಾಸ್ಕೋಗೆ ಹೋದಳು, ನಮ್ಮವರು ಚೆನ್ನೈಗೆ ಹೋದರು.

ಹಾಗಾಗಿ ಗೇಟಿನಲ್ಲಿ ನಿಂತವರಿಗೆ ನನ್ನ ಉತ್ತರ ಇಷ್ಟೇ: ಇದೆ, ಆದರೆ ಆಟ ಒಂದು ಕಡೆ, ಸಂಬಳ ಇನ್ನೊಂದು ಕಡೆ. ಕೋಟಾಕ್ಕೂ ಓದಿನ ಅರ್ಹತೆ ಕೇಳ್ತಾರೆ, ಎಸ್ಸೆಸ್ಸೆಲ್ಸಿ ಬಿಡಿಸಬೇಡಿ. ಹುಡುಗಿಯ ಎಡಗೈ ಲೇಅಪ್ (ಓಡಿ ಬಂದು ಬುಟ್ಟಿಯ ಹತ್ತಿರದಿಂದ ಚೆಂಡು ಹಾಕೋದು) ಇನ್ನೂ ಸರಿಯಾಗಿಲ್ಲ, ಭಾನುವಾರ ಬೆಳಿಗ್ಗೆ ಆರಕ್ಕೆ ಕಳಿಸಿ.