ಮಾತ್ರೆ ಅರೆದು ಸಸ್ಪೆನ್ಷನ್ ಮಾಡುವ ಮುನ್ನ ಯಾವ ಪುಸ್ತಕ ತೆರೆಯಬೇಕು?

ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿರುವ ಹಸುಗೂಸಿಗೆ ಸಿಲ್ಡೆನಾಫಿಲ್ ಬರೆದಿದ್ದಾರೆ, ಕೈಯಲ್ಲಿರುವುದು 25 ಮಿ.ಗ್ರಾಂ ಮಾತ್ರೆ ಮಾತ್ರ. ಅದನ್ನು ಅರೆದು ಸಸ್ಪೆನ್ಷನ್, ಅಂದರೆ ಪುಡಿ ತೇಲುವ ದ್ರವ ಮದ್ದು, ಮಾಡಬೇಕು. ಇಂಥ ಹೊತ್ತಲ್ಲಿ ಇಂಡಿಯನ್ ಫಾರ್ಮಕೋಪಿಯ (ಐಪಿ, ಭಾರತದ ಅಧಿಕೃತ ಔಷಧ ಮಾನಕ ಗ್ರಂಥ) ತೆರೆದು ಕೂರುವವರಿದ್ದಾರೆ. ಅದು ಮುಖ್ಯವಾಗಿ ಗುಣಮಟ್ಟದ ಗ್ರಂಥ: ಗುರುತಿನ ಪರೀಕ್ಷೆ, ಕಲ್ಮಶದ ಮಿತಿ, ಅಸ್ಸೇ (ಮದ್ದಿನ ಅಂಶ ಎಷ್ಟಿದೆ ಎಂಬ ಅಳತೆ). ಮಾರ್ಟಿಂಡೇಲ್ ಎಂಬ ಔಷಧ ಮಾಹಿತಿ ಗ್ರಂಥದಲ್ಲಿ ಬಳಕೆ, ಅಡ್ಡಪರಿಣಾಮ ಸಿಗುತ್ತದೆ. ಅರೆದು ಕಲಸಿದ ಮದ್ದು ಎಷ್ಟು ದಿನ ತಡೆಯುತ್ತದೆ ಅನ್ನುವುದಕ್ಕೆ ಮಾತ್ರ ಸ್ಥಿರತೆಯ ಅಧ್ಯಯನವನ್ನೇ ಹುಡುಕಬೇಕು.

ಸಿಲ್ಡೆನಾಫಿಲ್‌ಗೆ ಅದು ಇದೆ. 1% ಮೀಥೈಲ್ ಸೆಲ್ಯುಲೋಸ್ (ದ್ರವವನ್ನು ಮಂದಗೊಳಿಸುವ ಪದಾರ್ಥ) ಮತ್ತು ಸಿಂಪಲ್ ಸಿರಪ್ (ಸಕ್ಕರೆ ಪಾಕ) ಸಮಪಾಲಿನಲ್ಲಿ, ಮಿ.ಲೀ.ಗೆ 2.5 ಮಿ.ಗ್ರಾಂ, 4 ಡಿಗ್ರಿಯಲ್ಲೂ 25 ಡಿಗ್ರಿಯಲ್ಲೂ 91 ದಿನ ನಿಂತಿದೆ.

100 ಮಿ.ಲೀ.ಗೆ ಬೇಕಾದದ್ದು 250 ಮಿ.ಗ್ರಾಂ, ಅಂದರೆ 10 ಮಾತ್ರೆ. ಮಾರ್ಟರಿನಲ್ಲಿ ನುಣ್ಣಗೆ ಅರೆದು, ಸ್ವಲ್ಪವೇ ವೆಹಿಕಲ್ (ಮೇಲೆ ಹೇಳಿದ ಸಮಪಾಲಿನ ದ್ರವ) ಹಾಕಿ ಪೇಸ್ಟ್ ಮಾಡಿ. ಒಣ ಪುಡಿಗೆ ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಆಮೇಲೆ ಎಷ್ಟು ಅಲ್ಲಾಡಿಸಿದರೂ ಡೋಸ್ ಸಮ ಬರುವುದಿಲ್ಲ. ಪೇಸ್ಟನ್ನು ಹಂತಹಂತವಾಗಿ ತೆಳು ಮಾಡಿ ಅಳತೆಯ ಸಿಲಿಂಡರಿಗೆ ಹಾಕಿ. ಮಾರ್ಟರಿಗೆ ಅಂಟಿದ್ದನ್ನು ವೆಹಿಕಲ್‌ನಿಂದಲೇ ಎರಡು ಮೂರು ಸಲ ತೊಳೆದು ಸೇರಿಸಿ, ಕೊನೆಗೆ 100ರ ಗೆರೆಗೆ ತನ್ನಿ. ಪುಡಿಯ ಮೇಲೆ 100 ಮಿ.ಲೀ. ಅಳೆದು ಸುರಿಯುವುದು ಬೇರೆ ಲೆಕ್ಕ. ಒಟ್ಟು ಪ್ರಮಾಣ 100 ದಾಟಿ ಮದ್ದು ತೆಳುವಾಗುತ್ತದೆ. ರೂಢಿಯಂತೆ ಗ್ಲಿಸರಿನ್ ಹಾಕಿ ಅರೆಯುವುದೂ ಇಲ್ಲಿ ಬೇಡ. ಸೂತ್ರ ಬದಲಾದರೆ ಆ 91 ನಿಮ್ಮದಲ್ಲ.

ಬದಲಾಗದಿದ್ದರೂ ಲೇಬಲ್ ಮೇಲೆ 91 ಬರೆಯಬಹುದೇ? ಅದು ರಸಾಯನದ ಉತ್ತರ, ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಅಲ್ಲ. ಅಮೆರಿಕದ ಫಾರ್ಮಕೋಪಿಯ ಯುಎಸ್‌ಪಿಯ 795ನೇ ಅಧ್ಯಾಯದ ಈಗಿನ ನಿಯಮ (2023ರ ನವೆಂಬರ್ 1ರಿಂದ ಜಾರಿ) ಹೇಳುವಂತೆ, ಸಂರಕ್ಷಕವಿಲ್ಲದ ನೀರಿನ ತಯಾರಿಕೆ ಫ್ರಿಜ್ಜಿನಲ್ಲಿ 14 ದಿನ, ಸಂರಕ್ಷಕವಿದ್ದರೆ 35 ದಿನ, ನೀರೇ ಇಲ್ಲದ ಬಾಯಿಯ ದ್ರವ 90 ದಿನ. ಇವು ಗರಿಷ್ಠ ಮಿತಿಗಳು. ಕ್ಯಾಪ್ಟೊಪ್ರಿಲ್‌ನಂತೆ ನೀರಿನಲ್ಲಿ ಬೇಗ ಆಕ್ಸಿಡೀಕರಣಗೊಳ್ಳುವ ಮದ್ದಿಗೆ 14 ಕೂಡ ಹೆಚ್ಚಾಗಬಹುದು. ನೀರಿನ ತಯಾರಿಕೆಯ ಅವಧಿ ಹಿಗ್ಗಿಸಬೇಕಾದರೆ ಸ್ಥಿರತೆಯ ಅಧ್ಯಯನದ ಜೊತೆಗೆ ಸಂರಕ್ಷಕ ಕೆಲಸ ಮಾಡುತ್ತದೆಂಬ ಪರೀಕ್ಷೆಯೂ ಬೇಕು. ಯುಎಸ್‌ಪಿ ನಮಗೆ ಕಾನೂನಲ್ಲ, ನಿಜ. ಆದರೂ ಹಸುಗೂಸಿನ ಬಾಟಲಿಗೆ ನಾನು 14ನ್ನೇ ಹಾಕುವವನು. ಅಷ್ಟಕ್ಕೆ ಸಾಲುವಷ್ಟೇ ತಯಾರಿಸಿ, ಕಂದು ಬಾಟಲಿ, ಜೊತೆಗೊಂದು ಓರಲ್ ಸಿರಿಂಜ್, "ಚೆನ್ನಾಗಿ ಅಲ್ಲಾಡಿಸಿ" ಚೀಟಿ.

ಗ್ಲಿಸರಿನ್ ಬೇಕೇಬೇಕಾದ ಸೂತ್ರಗಳೂ ಇವೆ. ಆಗ ಫಾರ್ಮಕೋಪಿಯ ತೆರೆಯಲೇಬೇಕು. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 14 ಜನ ಸತ್ತದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಗ್ಲಿಸರಿನ್‌ನಿಂದ. ಗ್ಲಿಸರಿನ್‌ನಲ್ಲಿ ಆ ವಿಷದ ಮಿತಿ 0.10%. ಡಬ್ಬದ ಮೇಲೆ ಐಪಿ ಅಂತ ಇದ್ದರೆ ಸಾಲದು, ಆ ಬ್ಯಾಚಿನ ವಿಶ್ಲೇಷಣಾ ಪತ್ರದಲ್ಲಿ ಡೈಎಥಿಲೀನ್ ಗ್ಲೈಕಾಲ್, ಎಥಿಲೀನ್ ಗ್ಲೈಕಾಲ್ ಎರಡಕ್ಕೂ ಅಂಕಿ ಇರಬೇಕು. ಇಲ್ಲದಿದ್ದರೆ ಡಬ್ಬ ವಾಪಸ್.